ಎಪ್ಪತ್ತು ದಾಟಿದ ಸ್ಟೇಟ್ ಬ್ಯಾಂಕ್

ಷೇರುಪೇಟೆಯ ಮಾತು ನಡೆಯುವ ಕಡೆ ಕುಳಿತರೆ ಒಂದು ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ: "ಸ್ಟೇಟ್ ಬ್ಯಾಂಕಿನ ಆರ್‌ಎಸ್‌ಐ ಎಪ್ಪತ್ತು ದಾಟಿದೆ, ಇನ್ನು ಇಳಿಯುತ್ತದೆ, ಮಾರಿಬಿಡಿ." ಆರ್‌ಎಸ್‌ಐ ಎಂದರೆ ಬೆಲೆ ಇತ್ತೀಚೆಗೆ ಎಷ್ಟು ಜೋರಾಗಿ ಏರಿತು ಅಥವಾ ಇಳಿಯಿತು ಎಂಬುದನ್ನು ಸೊನ್ನೆಯಿಂದ ನೂರರ ನಡುವಿನ ಅಂಕಿಯಲ್ಲಿ ಹೇಳುವ ಸೂಚಕ. ಅದು ಮೂವತ್ತರ ಕೆಳಗೆ ಹೋದ ದಿನ ಇದೇ ಮಾತು ತಿರುವುಮುರುವಾಗಿ ಬರುತ್ತದೆ. ಹೇಳುವವರು ತಿಳಿದವರೇ. ಎಷ್ಟೋ ಮಂದಿ ಇಂಥದ್ದೇ ಬೇರೆ ಸೂಚಕಗಳಾದ ಎಂಎಸಿಡಿ, ಸ್ಟಾಕಾಸ್ಟಿಕ್ ಎಲ್ಲವನ್ನೂ ಒಂದೇ ಚಾರ್ಟಿನಲ್ಲಿ ಒಂದರ ಕೆಳಗೊಂದು ಇಟ್ಟುಕೊಂಡು ದಿನಾ ನೋಡುವವರು. ಆದರೂ ಈ ವಾಕ್ಯ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಈ ಷೇರು ಎಪ್ಪತ್ತು ದಾಟಿದ ಎರಡು ಸಂದರ್ಭಗಳನ್ನು ನಾನು ಹತ್ತಿರದಿಂದ ಗಮನಿಸಿದ್ದೇನೆ. ಮೊದಲನೆಯದು 2017ರ ಅಕ್ಟೋಬರ್, ಎರಡನೆಯದು 2021ರ ಫೆಬ್ರುವರಿ. ಮೊದಲ ಸಲ ಮಾರಿದವರು ಬುದ್ಧಿವಂತರೆನಿಸಿಕೊಂಡರು. ಎರಡನೆಯ ಸಲ ಮಾರಿ ಕುಳಿತವರು ಆ ವರ್ಷ ಮುಗಿಯುವಷ್ಟರಲ್ಲಿ ಕೈ ಕೈ ಹಿಸುಕಿಕೊಂಡರು. ಸೂಚಕ ಎರಡು ಸಲವೂ ಹೇಳಿದ್ದು ಒಂದೇ. ಹಾಗಾದರೆ ವ್ಯತ್ಯಾಸ ಇದ್ದದ್ದು ಎಲ್ಲಿ?

ಈ ಪ್ರಶ್ನೆ ನನ್ನನ್ನು ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸ್ಟೇಟ್ ಬ್ಯಾಂಕಿನ ಷೇರು ಯಾರೋ ಆರಿಸಿ ಕೊಂಡದ್ದಲ್ಲ, ತಾನಾಗಿ ಬಂದದ್ದು. ಮೈಸೂರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಅದರ ಮೇಲಿನ ಅಭಿಮಾನಕ್ಕೆ ಷೇರು ಕೊಂಡು ಇಟ್ಟುಕೊಂಡವರು, 2017ರ ಏಪ್ರಿಲ್ 1ರ ವಿಲೀನದಲ್ಲಿ ಹತ್ತು ಷೇರಿಗೆ ಇಪ್ಪತ್ತೆರಡರ ಲೆಕ್ಕದಲ್ಲಿ ಸ್ಟೇಟ್ ಬ್ಯಾಂಕಿನ ಷೇರುದಾರರಾದರು. ನಿವೃತ್ತರ ಡಿಮ್ಯಾಟ್ ಖಾತೆಯಲ್ಲಿ ಕುಳಿತಿರುವ ಇಂಥ ಷೇರನ್ನು ಯಾರೋ ಮೊಬೈಲಿಗೆ ಕಳುಹಿಸಿದ ಒಂದು ಅಂಕಿಯನ್ನು ನಂಬಿ ಮಾರುವುದು ಅಥವಾ ಅದೇ ನಂಬಿಕೆಯಲ್ಲಿ ಇನ್ನಷ್ಟು ಕೊಳ್ಳುವುದು ಸಣ್ಣ ವಿಷಯವಲ್ಲ.

ದೊಡ್ಡಪ್ಪನ ಜಗಲಿ, ಬುಧವಾರ

2017ರ ಅಕ್ಟೋಬರ್ 24ರ ಸಂಜೆ ಕೇಂದ್ರ ಸರ್ಕಾರ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಮರುಬಂಡವಾಳ ಒದಗಿಸುವುದಾಗಿ ಪ್ರಕಟಿಸಿತು. ಮರುದಿನ ಬುಧವಾರ. ದೀಪಾವಳಿ ಮುಗಿದು ಕೆಲವೇ ದಿನಗಳಾಗಿದ್ದವು. ನಾನು ಮೈಸೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಅವರು ಮೈಸೂರು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲೇ ಹೆಚ್ಚು ಕಾಲ ದುಡಿದು ನಿವೃತ್ತರಾದವರು. ಬೆಳಿಗ್ಗೆ ಪೇಟೆ ತೆರೆಯುತ್ತಿದ್ದಂತೆ ಸ್ಟೇಟ್ ಬ್ಯಾಂಕ್ 254ರ ಸುಮಾರಿನಿಂದ ನೆಗೆದು, ದಿನದ ಕೊನೆಗೆ ಶೇ 27ರಷ್ಟು ಮೇಲೆ ನಿಂತಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಅಂತೂ ಶೇ 46ರಷ್ಟು ಏರಿತ್ತು. ನಾನು ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಚಾರ್ಟ್ ತೋರಿಸಿದೆ. "ದೊಡ್ಡಪ್ಪ, ನೋಡಿ, ಆರ್‌ಎಸ್‌ಐ ಎಂಬತ್ತೈದರ ಹತ್ತಿರ ಹೋಗಿದೆ. ಇಷ್ಟು ಮೇಲೆ ಹೋಗುವುದು ಅಪರೂಪ. ನೀವೇನು ಮಾಡುತ್ತೀರಿ?"

ಅವರು ಚಾರ್ಟಿನ ಕಡೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಇದು ಏನನ್ನು ಅಳೆಯುತ್ತದೆ?" ಎಂದು ಕೇಳಿದರು. ಹದಿನಾಲ್ಕು ದಿನಗಳಲ್ಲಿ ಏರಿದ ರೂಪಾಯಿಗಳ ಸರಾಸರಿ ಎಷ್ಟು, ಇಳಿದ ರೂಪಾಯಿಗಳ ಸರಾಸರಿ ಎಷ್ಟು, ಎರಡನ್ನೂ ಕೂಡಿಸಿದರೆ ಅದರಲ್ಲಿ ಏರಿಕೆಯ ಪಾಲು ನೂರಕ್ಕೆ ಎಷ್ಟು ಎಂದು ವಿವರಿಸಿದೆ. ಅವರು ಒಳಗಿನಿಂದ ಕಾಗದ ತರಿಸಿ ಲೆಕ್ಕ ಹಾಕತೊಡಗಿದರು. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಗಂಟು ಅದರಲ್ಲಿದೆ.

ಷೇರು ಅದುವರೆಗೆ ಅತ್ತಿತ್ತ ಆಡುತ್ತಿತ್ತು ಎಂದಿಟ್ಟುಕೊಳ್ಳಿ. ಸರಾಸರಿ ಏರಿಕೆ ಒಂದು ರೂಪಾಯಿ, ಸರಾಸರಿ ಇಳಿಕೆಯೂ ಒಂದು ರೂಪಾಯಿ. ಸೂಚಕ 50ರಲ್ಲಿದೆ. ಈಗ ಒಂದೇ ದಿನ 70 ರೂಪಾಯಿ ಏರಿತು. ಆರ್‌ಎಸ್‌ಐ ಲೆಕ್ಕದ ಕ್ರಮ ಹೀಗಿದೆ: ಹಳೆಯ ಸರಾಸರಿಯನ್ನು ಹದಿಮೂರರಿಂದ ಗುಣಿಸಿ, ಇಂದಿನ ಅಂಕಿಯನ್ನು ಕೂಡಿಸಿ, ಹದಿನಾಲ್ಕರಿಂದ ಭಾಗಿಸಬೇಕು. ಏರಿಕೆಯ ಕಡೆ ಹದಿಮೂರಕ್ಕೆ ಎಪ್ಪತ್ತು ಸೇರಿ ಎಂಬತ್ತಮೂರು, ಇಳಿಕೆಯ ಕಡೆ ಬರೀ ಹದಿಮೂರು. ಒಟ್ಟು ತೊಂಬತ್ತಾರರಲ್ಲಿ ಎಂಬತ್ತಮೂರು ಎಂದರೆ ಶೇ 86. ಐವತ್ತರಲ್ಲಿದ್ದ ಸೂಚಕ ಒಂದೇ ದಿನದ ಒಂದೇ ಸುದ್ದಿಗೆ ಎಂಬತ್ತಾರಕ್ಕೆ ಹಾರಿತು. ಅದು ಅಲ್ಲಿಗೆ ಮುಗಿಯುವುದೂ ಇಲ್ಲ. ದಿನಕ್ಕೆ ಹದಿನಾಲ್ಕರಲ್ಲಿ ಒಂದು ಪಾಲಿನಂತೆ ಮಾತ್ರ ಹಳೆಯದು ಸವೆಯುವುದರಿಂದ, ಇನ್ನೂ ಹದಿನಾಲ್ಕು ವಹಿವಾಟಿನ ದಿನಗಳು ಕಳೆದ ಮೇಲೂ ಆ ಎಪ್ಪತ್ತು ರೂಪಾಯಿಯ ಪ್ರಭಾವದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿದೇ ಇರುತ್ತದೆ. ಜನ ಮೂರು ವಾರ ಉತ್ಸಾಹದಿಂದ ಕೊಂಡಂತೆ ಚಾರ್ಟ್ ತೋರಿಸುತ್ತದೆ. ನಡೆದದ್ದು ಒಂದು ಸಂಜೆಯ ಪ್ರಕಟಣೆ.

ದೊಡ್ಡಪ್ಪ ಪೆನ್ನು ಮುಚ್ಚಿ ಹೇಳಿದರು: "ಬೆಲೆ ಎಷ್ಟು ಜೋರಾಗಿ ಓಡಿತು ಎಂದು ಇದು ಹೇಳುತ್ತದೆ, ಸರಿ. ಆದರೆ ಸರ್ಕಾರ ಇಷ್ಟೊಂದು ದುಡ್ಡು ಕೊಡಲು ಹೊರಟಿದೆ ಎಂದರೆ ಬ್ಯಾಂಕುಗಳಿಗೆ ಇಷ್ಟೊಂದು ದುಡ್ಡು ಬೇಕಾಗಿದೆ ಎಂದು ತಾನೇ? ಒಳಗೆ ಇನ್ನೂ ಎಷ್ಟು ಸಾಲ ಕೆಡಬೇಕಾಗಿದೆ ಎಂದು ಇದರಲ್ಲಿ ಎಲ್ಲಿ ಬರೆದಿದೆ, ತೋರಿಸು."

ತೋರಿಸಲು ಏನೂ ಇರಲಿಲ್ಲ. ಆ ಉತ್ತರ 2018ರ ಫೆಬ್ರುವರಿ 9ರಂದು ಬಂತು. ಡಿಸೆಂಬರ್ ತ್ರೈಮಾಸಿಕದಲ್ಲಿ ಸ್ಟೇಟ್ ಬ್ಯಾಂಕ್ 2,416 ಕೋಟಿ ರೂಪಾಯಿ ನಷ್ಟ ತೋರಿಸಿತು. ಹಿಂದಿನ ವರ್ಷದ ವಸೂಲಾಗದ ಸಾಲದ ಬಗ್ಗೆ ಬ್ಯಾಂಕಿನ ಲೆಕ್ಕಕ್ಕೂ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೂ 23 ಸಾವಿರ ಕೋಟಿಗೂ ಮಿಕ್ಕಿದ ಅಂತರ ಇರುವುದೂ ಅದೇ ದಿನ ಹೊರಬಿತ್ತು. ಮೂರೇ ದಿನಗಳಲ್ಲಿ ರಿಸರ್ವ್ ಬ್ಯಾಂಕ್ ಹಳೆಯ ಸಾಲ ಪುನರ್‌ರಚನೆ ಯೋಜನೆಗಳನ್ನೆಲ್ಲ ರದ್ದು ಮಾಡುವ ಸುತ್ತೋಲೆ ಹೊರಡಿಸಿತು. ಅದರ ಬೆನ್ನಿಗೇ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆ ಪ್ರಕರಣ ಬಯಲಾಯಿತು. ಮಾರ್ಚ್ ವೇಳೆಗೆ ಷೇರು ಮತ್ತೆ 250ರ ಆಸುಪಾಸಿನಲ್ಲಿತ್ತು. ಆ ಬುಧವಾರದ ಏರಿಕೆಯೆಲ್ಲ ಕರಗಿತ್ತು.

ಹದಿನಾಲ್ಕು ದಿನ, ನಾಲ್ಕು ವರ್ಷ

ಆರ್‌ಎಸ್‌ಐ ರೂಪಿಸಿದ ವೆಲ್ಸ್ ವೈಲ್ಡರ್ ಮೂಲತಃ ಮೆಕ್ಯಾನಿಕಲ್ ಎಂಜಿನಿಯರ್. 1978ರಲ್ಲಿ ಅದನ್ನು ಪ್ರಕಟಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಸರಕು ಪೇಟೆಯ ವಾಯಿದೆ ವ್ಯಾಪಾರ. ಹದಿನಾಲ್ಕು ದಿನಗಳ ಅವಧಿ ಅಂಥ ಪೇಟೆಗೆ ಒಪ್ಪುವಂಥದ್ದು, ಏಕೆಂದರೆ ಅಲ್ಲಿ ಮಳೆ, ಬೆಳೆ, ಆವಕದ ಸುದ್ದಿ ದಿನದಿನಕ್ಕೂ ಬೆಲೆಯಲ್ಲಿ ಸೇರುತ್ತ ಹೋಗುತ್ತದೆ. ಬ್ಯಾಂಕಿನ ಸುದ್ದಿ ಹಾಗೆ ಸೇರುವುದಿಲ್ಲ.

ಒಂದು ಸಾಲ ಕೆಡುವ ಬಗೆಯನ್ನು ದೊಡ್ಡಪ್ಪ ಅಂದು ಮಧ್ಯಾಹ್ನ ಊಟದ ನಂತರ ಹೇಳಿದ್ದು ನನಗೆ ಇನ್ನೂ ಅಕ್ಷರಶಃ ನೆನಪಿದೆ. ಮೊದಲು ಸಾಲಗಾರ ತನ್ನ ಸರಕಿನ ಲೆಕ್ಕವೆಂದು ತಿಂಗಳಿಗೊಮ್ಮೆ ಕಳುಹಿಸಬೇಕಾದ ಸ್ಟಾಕ್ ಸ್ಟೇಟ್‌ಮೆಂಟ್ ತಡವಾಗುತ್ತದೆ. ಆಮೇಲೆ ವ್ಯಾಪಾರಕ್ಕೆಂದು ಒಂದು ಮಿತಿಯವರೆಗೆ ಹಣ ತೆಗೆಯಬಹುದಾದ ಕ್ಯಾಷ್ ಕ್ರೆಡಿಟ್ ಖಾತೆಗೆ ಬಂದು ಬೀಳುವ ಹಣ ತೆಳ್ಳಗಾಗುತ್ತದೆ, ಮಿತಿಯ ಅಂಚಿಗೆ ಅಂಟಿಕೊಂಡೇ ಖಾತೆ ನಡೆಯುತ್ತದೆ. ಚೆಕ್ ಒಂದೆರಡು ವಾಪಸಾಗುತ್ತವೆ. ಮಾಲೀಕ ಫೋನ್ ಎತ್ತುವುದನ್ನು ಬಿಟ್ಟು ಅಕೌಂಟೆಂಟನ್ನು ಕಳುಹಿಸತೊಡಗುತ್ತಾನೆ. ಬಡ್ಡಿ ನಿಲ್ಲುವುದು ಇವೆಲ್ಲ ಆದ ಮೇಲೆ. ನಿಂತು ತೊಂಬತ್ತು ದಿನ ಕಳೆದರೆ ಮಾತ್ರ ಅದು ಪುಸ್ತಕದಲ್ಲಿ ವಸೂಲಾಗದ ಸಾಲ. "ಶಾಖೆಯಲ್ಲಿ ಕುಳಿತವನಿಗೆ ಒಂದು ವರ್ಷ ಮೊದಲೇ ಗೊತ್ತಾಗಿರುತ್ತದೆ ಕಣಪ್ಪಾ" ಎಂದರು. ಅಲ್ಲಿಂದ ಮುಂದೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊದಲ ಹನ್ನೆರಡು ತಿಂಗಳು ಭದ್ರತೆಯಿರುವ ಸಾಲಕ್ಕೆ, ಆಗಬಹುದಾದ ನಷ್ಟಕ್ಕೆಂದು, ಶೇ 15ರಷ್ಟನ್ನು ಲಾಭದಿಂದ ತೆಗೆದಿರಿಸಬೇಕು, ನಂತರದ ವರ್ಷ ಭದ್ರತೆಯ ಮೌಲ್ಯದ ಮೇಲೆ ಶೇ 25, ಅದರ ಮುಂದಿನ ಎರಡು ವರ್ಷ ಶೇ 40, ಆಮೇಲೆ ಪೂರ್ತಿ. ಅಂದರೆ ಇಂದು ಕೆಟ್ಟ ಒಂದು ಸಾಲ ಬ್ಯಾಂಕಿನ ಲಾಭವನ್ನು ತಿಂದು ಮುಗಿಸಲು ನಾಲ್ಕು ವರ್ಷ ಹಿಡಿಯಬಹುದು.

ಇದಕ್ಕೆ ಹದಿನಾಲ್ಕು ದಿನಗಳ ಸೂಚಕವನ್ನು ಜೋಡಿಸಿ ನೋಡಿ. ಸಾಲ ಕೆಡುವುದೂ ಚೇತರಿಸುವುದೂ ವರ್ಷಗಟ್ಟಲೆ ನಡೆಯುವ ಕೆಲಸ. ಅದರ ಸುದ್ದಿ ಹೊರಬರುವುದು ಮಾತ್ರ ವರ್ಷಕ್ಕೆ ನಾಲ್ಕು ಫಲಿತಾಂಶದ ದಿನ, ಜೊತೆಗೆ ಒಂದು ಸುತ್ತೋಲೆ, ಒಂದು ಬಜೆಟ್, ಒಂದು ನ್ಯಾಯಾಲಯದ ತೀರ್ಪು. ಈ ಮೆಟ್ಟಿಲುಗಳ ನಡುವಿನ ದಿನಗಳಲ್ಲಿ ಆರ್‌ಎಸ್‌ಐ ಬಹುಪಾಲು ಪೇಟೆಯ ಒಟ್ಟು ಮನಸ್ಥಿತಿಯನ್ನೇ ಹೇಳುತ್ತಿರುತ್ತದೆ. ಮೆಟ್ಟಿಲು ಬಂದ ದಿನ ಒಮ್ಮೆಗೇ ತುದಿಗೆ ಹೋಗಿ ಕೂರುತ್ತದೆ. ಆಗ ಅದು ಹೇಳುವುದು "ಇಲ್ಲಿ ಒಂದು ಮೆಟ್ಟಿಲು ಬಂತು" ಎಂದಷ್ಟೇ. ಅದು ಮೇಲಿನ ಮಹಡಿಗೆ ಹೋಗುವ ಮೆಟ್ಟಿಲೋ, ಅಲ್ಲಿಗೇ ಮುಗಿಯುವ ಕಟ್ಟೆಯೋ ಎಂದು ತಿಳಿಯಲು ಬ್ಯಾಂಕಿನ ಪುಸ್ತಕವನ್ನೇ ತೆರೆಯಬೇಕು.

ಎಂಎಸಿಡಿ ಬಗ್ಗೆ ಇಲ್ಲೇ ಒಂದು ಮಾತು. ಅದು 12 ದಿನ ಮತ್ತು 26 ದಿನಗಳ ಸರಾಸರಿ ಬೆಲೆಗಳ ವ್ಯತ್ಯಾಸ, ಅದೂ ರೂಪಾಯಿಯಲ್ಲಿ. ಷೇರು 250 ಇದ್ದಾಗಿನ ಎಂಎಸಿಡಿಯನ್ನು 800 ಇದ್ದಾಗಿನದರ ಪಕ್ಕ ಇಟ್ಟು "ಹಿಂದೆಂದೂ ಇಷ್ಟು ವೇಗ ಇರಲಿಲ್ಲ" ಎಂದು ಬರೆಯುವವರನ್ನು ನೋಡಿದ್ದೇನೆ. ಶೇಕಡಾವಾರಿಗೆ ತಿರುಗಿಸದೆ ಆ ಹೋಲಿಕೆ ನಿಲ್ಲುವುದಿಲ್ಲ. ಮುಖಬೆಲೆ ವಿಭಜನೆಯಾಗಿ ಒಂದು ಷೇರು ಹಲವಾದಾಗ ಬೆಲೆಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ; ಆಗ ಹಳೆಯ ಬೆಲೆಗಳನ್ನು ಸರಿಹೊಂದಿಸದ ಚಾರ್ಟ್ ಇನ್ನೂ ಅಪಾಯ. 2014ರಲ್ಲಿ ಸ್ಟೇಟ್ ಬ್ಯಾಂಕ್ ಹತ್ತು ರೂಪಾಯಿ ಮುಖಬೆಲೆಯನ್ನು ಒಂದು ರೂಪಾಯಿಗೆ ಇಳಿಸಿತು, 2024ರಲ್ಲಿ ನಮ್ಮ ಕೆನರಾ ಬ್ಯಾಂಕ್ ಹತ್ತನ್ನು ಎರಡಕ್ಕೆ ಇಳಿಸಿತು. ಸರಿಪಡಿಸದ ಚಾರ್ಟಿನಲ್ಲಿ ಇವೆರಡೂ ಮಹಾಕುಸಿತದಂತೆ ಕಾಣುತ್ತವೆ.

ಅದೇ ಅಂಕಿ, ಬೇರೆ ಬ್ಯಾಂಕ್

2021ಕ್ಕೆ ಬರುತ್ತೇನೆ. ಫೆಬ್ರುವರಿ 1ರ ಬಜೆಟ್ ದಿನ ಸ್ಟೇಟ್ ಬ್ಯಾಂಕ್ ಶೇ 10ರಷ್ಟು ಏರಿತು. ಅದೇ ವಾರ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶವೂ ಬಂತು. ಶುಕ್ರವಾರದ ಹೊತ್ತಿಗೆ ಷೇರು 280ರ ಆಸುಪಾಸಿನಿಂದ 390ರ ಆಸುಪಾಸಿಗೆ ತಲುಪಿತ್ತು. ಆರ್‌ಎಸ್‌ಐ ಎಪ್ಪತ್ತನ್ನು ಚೆನ್ನಾಗಿಯೇ ದಾಟಿತ್ತು. "2017ರಂತೆಯೇ ಆಗುತ್ತದೆ" ಎಂದು ಎಲ್ಲ ಕಡೆ ಮಾತು. ಚಾರ್ಟನ್ನಷ್ಟೇ ನೋಡಿದರೆ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಪುಸ್ತಕ ಮಾತ್ರ ಪೂರ್ತಿ ಬದಲಾಗಿತ್ತು. 2018ರ ಮಾರ್ಚ್‌ನಲ್ಲಿ ಒಟ್ಟು ಸಾಲದ ಶೇ 10.91 ವಸೂಲಾಗದ ಸಾಲವಾಗಿತ್ತು. ಅದಕ್ಕೆ ಎದುರಾಗಿ ತೆಗೆದಿರಿಸಿದ್ದು, ಹಿಂದೆಯೇ ವಜಾ ಮಾಡಿದ್ದನ್ನೂ ಸೇರಿಸಿ, ಶೇ 66ರಷ್ಟು. 2020ರ ಡಿಸೆಂಬರ್‌ಗೆ ವಸೂಲಾಗದ ಸಾಲ ಶೇ 4.77ಕ್ಕೆ ಇಳಿದಿತ್ತು, ತೆಗೆದಿರಿಸಿದ ಪಾಲು ಶೇ 90 ಮುಟ್ಟಿತ್ತು. ಕೊರೊನಾ ಕಾಲದಲ್ಲಿ ಸಾಲಗಳನ್ನು ಕೆಟ್ಟ ಸಾಲವೆಂದು ಘೋಷಿಸದಂತೆ ಸುಪ್ರೀಂ ಕೋರ್ಟ್ ತಡೆ ನೀಡಿತ್ತಲ್ಲ, ಆ ತಡೆ ಇಲ್ಲದಿದ್ದರೆ ಅಂಕಿ ಎಷ್ಟಾಗುತ್ತಿತ್ತು ಎಂಬುದನ್ನೂ ಬ್ಯಾಂಕ್ ಕೊಟ್ಟಿತ್ತು: ಶೇ 5.44. ಈ ಒಂದು ಅಂಕಿ ನನಗೆ ಯಾವ ಸೂಚಕಕ್ಕಿಂತಲೂ ದೊಡ್ಡದಾಗಿ ಕಂಡಿತು. ಜನ ಭಯಪಡುತ್ತಿದ್ದದ್ದು ಮುಚ್ಚಿಟ್ಟ ಸಾಲಕ್ಕೆ. ಮುಚ್ಚಳ ತೆಗೆದರೂ ಒಳಗೆ ಅಂಥದ್ದೇನೂ ಇರಲಿಲ್ಲ. ದೊಡ್ಡ ಸಾಲಗಾರರ ಪ್ರಕರಣಗಳು ದಿವಾಳಿ ಸಂಹಿತೆಯ ಅಡಿ ಮುಗಿಯುತ್ತ ಬಂದಿದ್ದವು. ಎಸ್ಸಾರ್ ಸ್ಟೀಲ್‌ನದು 2019ರ ಡಿಸೆಂಬರ್‌ನಲ್ಲೇ ಮುಗಿದು ಸಾಲ ಕೊಟ್ಟ ಬ್ಯಾಂಕುಗಳಿಗೆ ದೊಡ್ಡ ಮೊತ್ತ ಮರಳಿತ್ತು.

ಷೇರು ಏಪ್ರಿಲ್‌ನಲ್ಲಿ ಕೊರೊನಾ ಎರಡನೆಯ ಅಲೆಗೆ ಇಳಿಯಿತು, ನಿಜ. ಆದರೆ ಅಕ್ಟೋಬರ್ ವೇಳೆಗೆ 500 ಮುಟ್ಟಿತ್ತು. 2017-18ರಲ್ಲಿ 6,547 ಕೋಟಿ ನಷ್ಟ ತೋರಿಸಿದ್ದ ಬ್ಯಾಂಕ್ 2023-24ರಲ್ಲಿ 61,077 ಕೋಟಿ ಲಾಭ ಮಾಡಿತು. ಎಪ್ಪತ್ತು ದಾಟಿದ ಆರ್‌ಎಸ್‌ಐ 2017ರಲ್ಲಿ ಆಸೆಯ ಅಳತೆಯಾಗಿತ್ತು. 2021ರಲ್ಲಿ ಅದು ನಾಲ್ಕು ವರ್ಷ ನಡೆದ ಶುದ್ಧೀಕರಣವನ್ನು ಪೇಟೆ ತಡವಾಗಿ ಗುರುತಿಸಿದ್ದರ ಅಳತೆ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ. ಸೂಚಕದ ಅರ್ಥ ಸೂಚಕದೊಳಗೆ ಇರುವುದಿಲ್ಲ, ಸಾಲ ಕೆಟ್ಟು ಚೇತರಿಸುವ ಚಕ್ರದಲ್ಲಿ ಬ್ಯಾಂಕ್ ಆಗ ಎಲ್ಲಿದೆ ಎಂಬುದರಲ್ಲಿ ಇರುತ್ತದೆ.

ಅನುಭವಿ ಚಾರ್ಟ್ ಓದುಗರಿಗೂ ಇದು ಇನ್ನೊಂದು ದಾರಿಯಿಂದ ಗೊತ್ತು. ಷೇರು ದೀರ್ಘ ಏರುಮುಖದಲ್ಲಿರುವಾಗ ಆರ್‌ಎಸ್‌ಐ 40ರಿಂದ 80ರ ನಡುವೆ ಆಡುತ್ತದೆ, ಇಳಿಮುಖದಲ್ಲಿ 20ರಿಂದ 60ರ ನಡುವೆ ಎನ್ನುತ್ತಾರೆ. ಏರುಮುಖದಲ್ಲಿ ಎಪ್ಪತ್ತು ಎಂದರೆ ಬಲ, ಇಳಿಮುಖದಲ್ಲಿ ಮೂವತ್ತು ಎಂದರೆ ಅಗ್ಗವಲ್ಲ. ಯೆಸ್ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ 400ರ ಆಸುಪಾಸಿನಲ್ಲಿತ್ತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಠೇವಣಿ ಹಿಂಪಡೆಯಲು 50,000 ರೂಪಾಯಿ ಮಿತಿ ಹೇರಿದ ಮರುದಿನ ಒಂದು ಹಂತದಲ್ಲಿ 6 ರೂಪಾಯಿಗಿಂತ ಕೆಳಗೆ ಹೋಗಿತ್ತು. ಆ ದಾರಿಯುದ್ದಕ್ಕೂ ಸೂಚಕ ಮತ್ತೆ ಮತ್ತೆ ಮೂವತ್ತರ ಕೆಳಗೆ ಬಂದು "ಅತಿಯಾಗಿ ಮಾರಿದ್ದಾರೆ" ಎಂದೇ ಹೇಳುತ್ತಿತ್ತು.

ಮತ ಎಣಿಕೆಯ ದಿನ

2024ರ ಜೂನ್ 3ರಂದು, ಮತಗಟ್ಟೆ ಸಮೀಕ್ಷೆಗಳ ಉತ್ಸಾಹದಲ್ಲಿ, ಸ್ಟೇಟ್ ಬ್ಯಾಂಕ್ ಶೇ 9ರಷ್ಟು ಏರಿ 900 ದಾಟಿತು. ಮರುದಿನ ಎಣಿಕೆ ನಡೆದಾಗ ಸುಮಾರು ಶೇ 14ರಷ್ಟು ಕುಸಿಯಿತು. ಅಂದು ರಾತ್ರಿ ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನ್ ಮಾಡಿದ. "ಮಾವ, ನೋಡಿ, ನಿನ್ನೆಯೇ ಆರ್‌ಎಸ್‌ಐ ಎಪ್ಪತ್ತರ ಹತ್ತಿರ ಬಂದು ಎಚ್ಚರಿಸಿತ್ತು. ನೀವು ಸುಮ್ಮನೆ ಅದನ್ನು ನಂಬುವುದಿಲ್ಲ." ಅವನ ದನಿಯಲ್ಲಿ ಗೆದ್ದ ಖುಷಿಯಿತ್ತು.

ನಾನು ಅವನನ್ನು ಒಂದೇ ಪ್ರಶ್ನೆ ಕೇಳಿದೆ. ಸಮೀಕ್ಷೆಗಳು ನಿಜವಾಗಿದ್ದರೆ ಇಂದು ಷೇರು ಎಲ್ಲಿರುತ್ತಿತ್ತು? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಮೇಲೆ" ಎಂದ. ಆಗ ನಿನ್ನೆಯ ಎಪ್ಪತ್ತು ಏನಾಗುತ್ತಿತ್ತು? "ಬಲದ ಲಕ್ಷಣ" ಎಂದ. ಹಿಂದಿನ ದಿನದ ಅಂಕಿಗೆ ಅರ್ಥ ಕೊಟ್ಟದ್ದು ಮರುದಿನದ ಎಣಿಕೆ. ಅವನು ಜಾಣ ಹುಡುಗ, ಒಪ್ಪಿಕೊಂಡ. "ಹಾಗಾದರೆ ಇದನ್ನೆಲ್ಲ ನೋಡುವುದೇ ಬೇಡವೇ ಮಾವ?" ಎಂದು ಕೇಳಿದ.

ಬೇಡ ಎಂದು ನಾನು ಹೇಳಲಾರೆ. ಬೆಲೆಯ ವೇಗದಲ್ಲಿ ಮಾಹಿತಿ ಇದ್ದೇ ಇದೆ, ಆದರೆ ಅದು ಇರುವುದು ದಿನಗಳ ಅಳತೆಯಲ್ಲಲ್ಲ. ಹಣಕಾಸು ಸಂಶೋಧಕರಾದ ಜೆಗದೀಶ್ ಮತ್ತು ಟಿಟ್‌ಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಷೇರುಗಳಲ್ಲಿ ಕಂಡದ್ದು ಮೂರರಿಂದ ಹನ್ನೆರಡು ತಿಂಗಳ ವೇಗ: ಆ ಅವಧಿಯಲ್ಲಿ ಮುಂದಿದ್ದವು ಮುಂದಿನ ತಿಂಗಳುಗಳಲ್ಲೂ ಮುಂದೆ ಉಳಿಯುವ ಒಲವು ತೋರಿಸಿದವು. ನಮ್ಮ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯ ಮೊಮೆಂಟಮ್ 30 ಸೂಚ್ಯಂಕವೂ ಆರು ಮತ್ತು ಹನ್ನೆರಡು ತಿಂಗಳ ಏರಿಕೆಯನ್ನೇ, ಏರಿಳಿತದ ಪ್ರಮಾಣಕ್ಕೆ ಹೊಂದಿಸಿ, ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಾಲದ ಚಕ್ರಕ್ಕೆ ಈ ಅವಧಿ ತಕ್ಕಮಟ್ಟಿಗೆ ಹೊಂದುತ್ತದೆ. ಇದರ ಜೊತೆಗೆ ನಾನು ಷೇರನ್ನು ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ಪಕ್ಕ ಇಟ್ಟು ನೋಡುತ್ತೇನೆ. 2017ರ ಅಕ್ಟೋಬರ್ 24ಕ್ಕೆ ಮುಂಚಿನ ಒಂದು ವರ್ಷದಲ್ಲಿ ಬ್ಯಾಂಕ್ ನಿಫ್ಟಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಏರಿತ್ತು, ಸ್ಟೇಟ್ ಬ್ಯಾಂಕ್ ಇದ್ದಲ್ಲೇ ಇತ್ತು. ತನ್ನ ಕಾಲ ಮೇಲೆ ಓಡಲಾಗದ ಷೇರನ್ನು ಒಂದು ಪ್ರಕಟಣೆ ಎತ್ತಿ ನಿಲ್ಲಿಸಿತ್ತು. 2020ರ ಅಕ್ಟೋಬರ್ ಕೊನೆಯಿಂದ 2021ರ ಜನವರಿ ಕೊನೆಯವರೆಗೆ ಅದೇ ಷೇರು 190ರ ಆಸುಪಾಸಿನಿಂದ 280ಕ್ಕೆ, ಎಂದರೆ ಅರ್ಧದಷ್ಟು ಏರಿತು. ಅಷ್ಟರಲ್ಲಿ ಬ್ಯಾಂಕ್ ನಿಫ್ಟಿ ಏರಿದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಬಜೆಟ್ಟಿನ ನೆಗೆತಕ್ಕೆ ಮೊದಲೇ ಯಾರೋ ಪುಸ್ತಕ ಓದಿ ಕೊಳ್ಳುತ್ತಿದ್ದರು.

ಈ ನಿಧಾನದ ಅಳತೆಗೂ ಕುರುಡು ಇದೆ. ಹನ್ನೆರಡು ತಿಂಗಳ ಲೆಕ್ಕ ಹಾಕಿದ್ದರೆ 2021ರ ಜನವರಿಯಲ್ಲೂ ಸ್ಟೇಟ್ ಬ್ಯಾಂಕ್ ಹಿಂದುಳಿದವರ ಸಾಲಿನಲ್ಲೇ ಇರುತ್ತಿತ್ತು, ಏಕೆಂದರೆ ಆ ವರ್ಷದೊಳಗೆ ಲಾಕ್‌ಡೌನ್ ಕುಸಿತ ಸೇರಿಕೊಂಡಿತ್ತು. ದೊಡ್ಡ ಬಿಕ್ಕಟ್ಟು ಮುಗಿಯುವ ಹೊತ್ತಿನಲ್ಲಿ ಎಲ್ಲೆಡೆಯೂ ಹೀಗೇ. 2009ರ ಮಾರ್ಚ್‌ನಲ್ಲಿ ಸಿಟಿ ಗ್ರೂಪ್ ಒಂದು ಡಾಲರಿಗಿಂತ ಕೆಳಗೆ ಇಳಿದಿತ್ತು, ಅಲ್ಲಿಂದ ಅಮೆರಿಕದ ಸೋತ ಬ್ಯಾಂಕುಗಳೇ ಎಲ್ಲರಿಗಿಂತ ಜೋರಾಗಿ ಪುಟಿದೆದ್ದವು. ವೇಗವನ್ನು ನಂಬಿ ಅವುಗಳ ವಿರುದ್ಧ ಹೂಡಿದವರಿಗೆ ಭಾರಿ ಪೆಟ್ಟು ಬಿತ್ತು. ಮುಳುಗಿದ ಬ್ಯಾಂಕ್ ಏಳುವ ಕ್ಷಣವನ್ನು ಬೆಲೆಯ ವೇಗ ಹಿಡಿಯುವುದಿಲ್ಲ. ಸ್ಟೇಟ್ ಬ್ಯಾಂಕ್ 2018ರ ಮೇ 22ರಂದು 7,718 ಕೋಟಿ ತ್ರೈಮಾಸಿಕ ನಷ್ಟ ಪ್ರಕಟಿಸಿದಾಗ ಷೇರು ಅದೇ ದಿನ ಏರಿತು. ತೆಗೆದಿರಿಸಬೇಕಾದದ್ದನ್ನು ಒಮ್ಮೆಗೇ ತೆಗೆದಿರಿಸಿದ್ದಾರೆ ಎಂದು ಫಲಿತಾಂಶ ಓದಿದವರು ಕಂಡುಕೊಂಡರು.

ಹುಡುಗನಿಗೆ ನಾನು ಹೇಳಿದ ಕ್ರಮ ಇಷ್ಟು. ಫಲಿತಾಂಶ ಬಂದಾಗ ಮೊದಲು ಹೊಸದಾಗಿ ಕೆಟ್ಟ ಸಾಲ ಎಷ್ಟು, ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ನೋಡು. ಬ್ಯಾಂಕಿನ ಕಡತದಲ್ಲಿ ಅದು ಸ್ಲಿಪೇಜ್ ಎಂಬ ಹೆಸರಿನಲ್ಲಿರುತ್ತದೆ. ಹಿಂದೆಯೇ ತೆಗೆದಿರಿಸಿದ್ದು ಸಾಕಷ್ಟಿದೆಯೇ ಎಂದು ನೋಡು. ಠೇವಣಿಗೂ ಸಾಲಕ್ಕೂ ನಡುವಿನ ಬಡ್ಡಿಯ ಅಂತರ ನೋಡು. ಇವು ಒಂದು ದಿಕ್ಕಿಗೆ ತಿರುಗಿದ ಮೇಲೆ, ಆರು ತಿಂಗಳ ವೇಗವೂ ಬ್ಯಾಂಕ್ ನಿಫ್ಟಿಗೆ ಹೋಲಿಸಿದರೆ ಅದೇ ದಿಕ್ಕಿನಲ್ಲಿದೆಯೇ ಎಂದು ನೋಡು. ದಿನದ ಆರ್‌ಎಸ್‌ಐ ನೋಡುವುದಿದ್ದರೆ ಕೊನೆಗೆ ನೋಡು, ಯಾವ ದಿನ ಕೊಳ್ಳಬೇಕು ಎಂಬುದಕ್ಕೆ ಮಾತ್ರ.

ಈ ಪಟ್ಟಿಯಲ್ಲಿ ಈಗ ನನಗೆ ಹೆಚ್ಚು ಚಿಂತೆಯಿರುವುದು ಬಡ್ಡಿಯ ಅಂತರದ ಬಗ್ಗೆ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6.50ರಿಂದ 5.50ಕ್ಕೆ ಇಳಿಸಿತು. 2019ರ ಅಕ್ಟೋಬರ್‌ನಿಂದ ಹೊಸ ಗೃಹಸಾಲಗಳ ಬದಲಾಗುವ ಬಡ್ಡಿ ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲ್ಪಟ್ಟಿರುವುದರಿಂದ ಸಾಲದ ಬಡ್ಡಿ ಮೂರು ತಿಂಗಳೊಳಗೆ ಇಳಿಯುತ್ತದೆ. ಮೈಸೂರಿನ ನಿವೃತ್ತರೊಬ್ಬರು ಇಟ್ಟ ಮೂರು ವರ್ಷದ ಠೇವಣಿಯ ಬಡ್ಡಿ ಅವಧಿ ಮುಗಿಯುವವರೆಗೆ ಇಳಿಯುವುದಿಲ್ಲ. ನಡುವೆ ಬ್ಯಾಂಕಿನ ಗಳಿಕೆ ಹಿಂಡಿಹೋಗುತ್ತದೆ, ಠೇವಣಿಗಳು ನವೀಕರಣವಾದಂತೆ ನಿಧಾನವಾಗಿ ಬಿಡುವು ಸಿಗುತ್ತದೆ. ದರ ಇಳಿದ ಮೇಲಿನ ಪ್ರತಿ ಫಲಿತಾಂಶದಲ್ಲೂ ನಾನು ಮೊದಲು ತೆರೆದದ್ದು ದೇಶೀಯ ವ್ಯವಹಾರದ ನಿವ್ವಳ ಬಡ್ಡಿ ಅಂತರದ ಸಾಲನ್ನು. ಚಾರ್ಟ್ ತೆರೆದದ್ದು ಅದನ್ನು ಓದಿದ ಮೇಲೆ.